ನ್ಯಾಸ್ ಪೆಟ್ಟಿಗೆ ಕೆಟ್ಟರೆ ಮೊದಲು ನಕಲು, ಆಮೇಲೆ ರಿಪೇರಿ

ಮಾನ್ಯ ಸಂಪಾದಕರೇ,

ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಒಂದು ಬಗೆಯ ಗಿರಾಕಿಗಳು ಹೆಚ್ಚುತ್ತಾರೆ. ಮದುವೆ ಸೀಸನ್ನಿನ ಫೋಟೊ, ವಿಡಿಯೊ ತುಂಬಿಟ್ಟುಕೊಂಡ ಸ್ಟುಡಿಯೊದವರು, ಮಾರ್ಚ್ ಲೆಕ್ಕ ಈಗಷ್ಟೇ ಮುಗಿಸಿದ ತೆರಿಗೆ ಸಲಹೆಗಾರರು, ದಾಲ್ ಮಿಲ್ಲಿನ ಲೆಕ್ಕ ಬರೆಯುವವರು, ಮನೆಮಂದಿಯ ಹತ್ತು ವರ್ಷದ ಫೋಟೊಗಳನ್ನೆಲ್ಲ ಒಂದೇ ಕಡೆ ಸೇರಿಸಿಟ್ಟವರು. ಎಲ್ಲರ ಕೈಯಲ್ಲೂ ಒಂದು ಅಥವಾ ಎರಡು ಹಾರ್ಡ್ ಡಿಸ್ಕ್ ಹಿಡಿಸುವ ಚಿಕ್ಕ ಪೆಟ್ಟಿಗೆ. ಮನೆಯ ವೈಫೈ ರೂಟರಿಗೆ ಜೋಡಿಸಿ ಎಲ್ಲರೂ ಬಳಸುವ ಈ ನ್ಯಾಸ್, ಕರೆಂಟು ಹೋಗಿ ಬಂದ ಮೇಲೆ ಎದ್ದಿಲ್ಲ, ಇಲ್ಲವೇ ಕೆಂಪು ದೀಪ ಹೊತ್ತಿಸಿಕೊಂಡು ಕೂತಿದೆ. ಇಂಥ ಕೇಸುಗಳಲ್ಲಿ ಡೇಟಾ ಕಳೆದುಹೋಗುವುದು ಬಹಳ ಸಲ ಪೆಟ್ಟಿಗೆ ಕೆಟ್ಟ ಗಳಿಗೆಯಲ್ಲಲ್ಲ, ಆಮೇಲಿನ ಒಂದೆರಡು ಗಂಟೆಯ ಅವಸರದಲ್ಲಿ. ‘ಒಂದ್ಸಲ ಫಾರ್ಮ್ಯಾಟ್ ಹೊಡೆದು ನೋಡ್ತೀನ್ರಿ, ಬಂದ್ರ ಬರ್ತದ’ ಎನ್ನುವ ಅಂಗಡಿಯೂ ಇದೆ, ‘ಹೂಂ, ಹೊಡೀರಿ’ ಎನ್ನುವ ಗಿರಾಕಿಯೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲಿ ಎಂದು ಈ ಪತ್ರ.

ಈ ಪೆಟ್ಟಿಗೆಯೊಳಗೆ ಇರುವುದು ಲಿನಕ್ಸ್ (ವಿಂಡೋಸಿನ ಬದಲು ಬಳಸುವ ಆಪರೇಟಿಂಗ್ ಸಿಸ್ಟಮ್) ನಡೆಸುವ ಒಂದು ಪುಟ್ಟ ಕಂಪ್ಯೂಟರ್. ಡಿಸ್ಕುಗಳನ್ನು ಅದು ಸಾಮಾನ್ಯವಾಗಿ ಲಿನಕ್ಸಿನದೇ ಸಾಫ್ಟ್‌ವೇರ್ ರೈಡ್‌ನಲ್ಲಿ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಏರ್ಪಾಟು) ಕಟ್ಟಿ, ಮೇಲೆ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿರುತ್ತದೆ. ಆದ್ದರಿಂದ ಪೆಟ್ಟಿಗೆ ಸತ್ತಿತೆಂದರೆ ಡಿಸ್ಕ್ ಸತ್ತಿತು ಎಂದಲ್ಲ. ಇಂಟೆಲ್ ಕಂಪನಿಯ ಆಟಮ್ ಸಿ2000 ಸಾಲಿನ ಪ್ರೊಸೆಸರುಗಳಲ್ಲಿ ಕ್ಲಾಕ್ ಸಿಗ್ನಲ್ ಕಾಲಕ್ರಮೇಣ ಕ್ಷೀಣಿಸಿ ಯಂತ್ರವೇ ಎದ್ದೇಳದಂತಾಗುವ ದೋಷ 2017ರಲ್ಲಿ ಬಯಲಿಗೆ ಬಂತು. ಆ ಪ್ರೊಸೆಸರ್ ಇದ್ದ ನ್ಯಾಸ್‌ಗಳು ಪೂರ್ತಿ ಮೂಕವಾದರೂ ಒಳಗಿನ ಡಿಸ್ಕುಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಮೊದಲು ನೋಡಬೇಕಾದ್ದು ಅಡಾಪ್ಟರ್. ಎರಡು ಡಿಸ್ಕಿನ ಪೆಟ್ಟಿಗೆಗಳು ಹೆಚ್ಚಾಗಿ 12 ವೋಲ್ಟಿನ ಹೊರಗಿನ ಅಡಾಪ್ಟರಿನಿಂದ ನಡೆಯುತ್ತವೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಪಿನ್ನಿನ ಒಳಭಾಗಕ್ಕೆ ಕೆಂಪು, ಹೊರಭಾಗಕ್ಕೆ ಕಪ್ಪು ತಂತಿ ಮುಟ್ಟಿಸಿದರೆ 11.4ರಿಂದ 12.6ರ ಒಳಗೆ ಬರಬೇಕು. ಆದರೆ ಈ ಒಂದು ಅಳತೆ ನಂಬಿ ಅಡಾಪ್ಟರ್ ಸರಿಯಿದೆ ಎಂದುಬಿಡಬೇಡಿ. 3.5 ಇಂಚಿನ ಒಂದು ಡಿಸ್ಕ್ ತಿರುಗಲು ಶುರುಮಾಡುವ ಕೆಲವು ಸೆಕೆಂಡುಗಳಲ್ಲಿ 12 ವೋಲ್ಟಿನ ಸಾಲಿನಿಂದ ಒಂದೂವರೆಯಿಂದ ಎರಡು ಆಂಪಿಯರ್ ಎಳೆಯುತ್ತದೆ. ಎರಡಿದ್ದರೆ ನಾಲ್ಕರ ಹತ್ತಿರ. ನಮ್ಮ ಬೇಸಿಗೆಯಲ್ಲಿ ಬೆಂದ ಅಡಾಪ್ಟರಿನ ಕೆಪಾಸಿಟರುಗಳು ಉಬ್ಬಿದ್ದರೆ ಖಾಲಿ ಇದ್ದಾಗ ಸರಿಯಾಗಿ 12 ತೋರಿಸಿ, ಲೋಡ್ ಬಿದ್ದ ಕ್ಷಣ 9ಕ್ಕೋ 10ಕ್ಕೋ ಕುಸಿಯುತ್ತದೆ. ಆಗ ಪೆಟ್ಟಿಗೆ ದೀಪ ಮಿಟುಕಿಸುತ್ತದೆ, ಡಿಸ್ಕ್ ಗುಂಯ್ ಎಂದು ಎದ್ದು ಮತ್ತೆ ಕೂರುತ್ತದೆ, ಮತ್ತೆ ಏಳುತ್ತದೆ. ನೋಡುವವರಿಗೆ ಡಿಸ್ಕೇ ಹೋದಂತೆ ಕಾಣುತ್ತದೆ. ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಅದೇ ಧ್ರುವದ ಬೇರೆ ಅಡಾಪ್ಟರ್ ಹಾಕಿದರೆ ಕೆಲವೊಮ್ಮೆ ಕೇಸು ಅಲ್ಲಿಗೇ ಮುಗಿಯುತ್ತದೆ.

ಪಿನ್ ಹೊಂದಿತೆಂದು ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಚುಚ್ಚುವುದು ದೊಡ್ಡ ಅನಾಹುತ. ಹಾಗೆ ಮಾಡಿದಾಗ ಡಿಸ್ಕಿನ ಹಸಿರು ಬೋರ್ಡಿನ ಮೇಲಿರುವ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದ ಬೋರ್ಡನ್ನು ಕಾಪಾಡಲು ನೋಡುತ್ತದೆ. ಅಂಥ ಡಿಸ್ಕಿಗೆ ಕರೆಂಟು ಕೊಟ್ಟರೆ ಸದ್ದೇ ಇರುವುದಿಲ್ಲ, ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ಸೂ ಏಳದು. ಬೋರ್ಡಿನ ಮೇಲೆ 12 ವೋಲ್ಟಿನ ಸಾಲಿಗೂ ಗ್ರೌಂಡಿಗೂ ನಡುವೆ ಅಳೆದರೆ ಓಮ್ ಬಹುತೇಕ ಸೊನ್ನೆ. ಕೈ ಪಳಗಿದ ಮೊಬೈಲ್ ರಿಪೇರಿಯವರು ಆ ಡಯೋಡ್ ತೆಗೆದುಬಿಟ್ಟರೆ ಡಿಸ್ಕ್ ಎಷ್ಟೋ ಸಲ ಮತ್ತೆ ತಿರುಗುತ್ತದೆ. ಆಗ ಅದಕ್ಕೆ ರಕ್ಷಣೆ ಇಲ್ಲವಾದ್ದರಿಂದ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಒಮ್ಮೆ ನಕಲು ತೆಗೆಯುವುದಕ್ಕೆ ಮಾತ್ರ ಬಳಸಬೇಕು. ಡಯೋಡ್ ಅಲ್ಲದೆ ಮೋಟರ್ ನಡೆಸುವ ಚಿಪ್ಪೇ ಸುಟ್ಟಿದ್ದರೆ ಬೋರ್ಡ್ ಬದಲಿಸಬೇಕು. ಅದೇ ಮಾಡೆಲಿನ ಇನ್ನೊಂದು ಬೋರ್ಡ್ ತಂದು ಹಾಗೇ ಕೂರಿಸಿದರೆ ಈಗಿನ ಡಿಸ್ಕುಗಳು ಒಪ್ಪುವುದಿಲ್ಲ. ಆ ಡಿಸ್ಕಿಗಷ್ಟೇ ಸೇರಿದ ಹೊಂದಾಣಿಕೆಯ ಲೆಕ್ಕಗಳು ಹಳೆಯ ಬೋರ್ಡಿನ ಎಂಟು ಕಾಲಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ. ಅದನ್ನು ಬಿಚ್ಚಿ ಹೊಸ ಬೋರ್ಡಿಗೆ ಬೆಸೆಯಬೇಕು.

ಇನ್ನು ಮಾಡಬಾರದ ಕೆಲಸಗಳು. ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ‘ಇನಿಷಿಯಲೈಸ್ ಮಾಡಬೇಕು’ ಅಥವಾ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ತೆರೆಯುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ, ಲಿನಕ್ಸ್ ಪಾರ್ಟಿಷನ್ನನ್ನು ವಿಂಡೋಸ್ ಓದಲಾರದು ಎಂದಷ್ಟೇ. ಕ್ಯಾನ್ಸಲ್ ಒತ್ತಿ. ಪೆಟ್ಟಿಗೆಯ ಹಿಂದಿನ ಸಣ್ಣ ರಂಧ್ರದ ರಿಸೆಟ್ ಗುಂಡಿ ಕೆಲವು ಮಾಡೆಲುಗಳಲ್ಲಿ ಪಾಸ್‌ವರ್ಡ್ ಮಾತ್ರ ಅಳಿಸುತ್ತದೆ, ಇನ್ನು ಕೆಲವದರಲ್ಲಿ ಡೇಟಾವನ್ನೇ ಅಳಿಸಬಲ್ಲದು. 2021ರ ಜೂನ್‌ನಲ್ಲಿ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಡಬ್ಲ್ಯೂಡಿ ಕಂಪನಿಯ ಮೈ ಬುಕ್ ಲೈವ್ ಪೆಟ್ಟಿಗೆಗಳಿಗೆ ದುಷ್ಕರ್ಮಿಗಳು ದೂರದಿಂದಲೇ ಫ್ಯಾಕ್ಟರಿ ರಿಸೆಟ್ ಕೊಟ್ಟು, ಲೋಕದ ನಾನಾ ಕಡೆ ಜನರ ಫೈಲುಗಳು ಅಳಿದುಹೋದವು; ಅವರು ಬಳಸಿಕೊಂಡದ್ದು ಪೆಟ್ಟಿಗೆಯಲ್ಲೇ ಇದ್ದ ಈ ಸೌಲಭ್ಯವನ್ನು. ‘ರಿಪೇರ್’, ‘ರೀಬಿಲ್ಡ್’ ಗುಂಡಿಗಳೂ ಈ ಹಂತದಲ್ಲಿ ಬೇಡ. ಡಿಸ್ಕ್ ಹೊರತೆಗೆಯುವ ಮುನ್ನ ಯಾವುದು ಯಾವ ಗೂಡಿನಲ್ಲಿತ್ತು ಎಂದು ಮಾರ್ಕರಿನಲ್ಲಿ ಅದರ ಮೇಲೆಯೇ 1, 2 ಎಂದು ಬರೆಯಿರಿ, ಲೇಬಲಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ.

ಆಮೇಲೆ ಕಿವಿ ಕೊಡಿ. ಡಿಸ್ಕ್ ಸಮವಾಗಿ ತಿರುಗುತ್ತ ಆಗೊಮ್ಮೆ ಈಗೊಮ್ಮೆ ಕರಕರ ಎಂದರೆ ನಕಲಿಗೆ ಅವಕಾಶ ಇದೆ. ತಾಳ ಹಾಕಿದ ಹಾಗೆ ಟಕ್ ಟಕ್ ಎನ್ನುತ್ತಿದ್ದರೆ, ಇಲ್ಲವೇ ಕೆರೆಯುವ ಸದ್ದಿದ್ದರೆ ಆ ಕ್ಷಣವೇ ಬಂದ್ ಮಾಡಿ. ಓದುವ ಹೆಡ್ ಹಾಳಾಗಿದೆ, ಪ್ರತಿ ಸಲ ಆನ್ ಮಾಡಿದಾಗಲೂ ಅದು ತಟ್ಟೆಯನ್ನು ಗೀರಬಹುದು. ಹೆಡ್ಡಿಗೂ ತಟ್ಟೆಗೂ ಇರುವ ಅಂತರ ಕೆಲವೇ ನ್ಯಾನೊಮೀಟರ್. ಆದ್ದರಿಂದ ಡಿಸ್ಕಿನ ಮುಚ್ಚಳ ಬಿಚ್ಚುವ ಕೆಲಸ ಧೂಳಿಲ್ಲದ ಕ್ಲೀನ್ ರೂಮ್ ಇರುವಲ್ಲಿ ಮಾತ್ರ. ಶಹಾಬಾದ್, ಸೇಡಂ ಕಡೆಯ ಸುಣ್ಣಕಲ್ಲಿನ ಧೂಳು ಕಿಟಕಿ ಹಾಕಿದ ಕೋಣೆಯೊಳಗೂ ಕೂರುತ್ತದೆ ಎನ್ನುವುದು ಇಲ್ಲಿನವರಿಗೆ ಹೇಳಿ ತಿಳಿಸಬೇಕಾದ್ದಲ್ಲ. ಅಂಗಡಿಯಲ್ಲಿ ‘ಒಳಗೆ ಒಂದ್ಸಲ ನೋಡೋಣ’ ಎಂದು ಸ್ಕ್ರೂ ಬಿಚ್ಚಿಸಿಕೊಂಡ ಡಿಸ್ಕನ್ನು ಹೈದರಾಬಾದಿನ ಡೇಟಾ ರಿಕವರಿ ಲ್ಯಾಬಿನವರೂ ಬೇಸರದಿಂದಲೇ ನೋಡುತ್ತಾರೆ.

ತಿರುಗುತ್ತಿರುವ ಡಿಸ್ಕಿಗೆ ಮೊದಲ ಕೆಲಸ ನಕಲು, ಸೆಕ್ಟರ್ (ಡಿಸ್ಕಿನ ಅತಿ ಸಣ್ಣ ತುಣುಕು) ಸೆಕ್ಟರಾಗಿ. ಫೈಲು ಹುಡುಕುವ ಸಾಫ್ಟ್‌ವೇರ್ ಹಾಕಿ ಮೂಲ ಡಿಸ್ಕನ್ನೇ ಗಂಟೆಗಟ್ಟಲೆ ಜಾಲಾಡುವುದು ಅಲ್ಲ. ಬೇಕಾದ್ದು ಇಷ್ಟೇ: ಡಿಸ್ಕನ್ನು ನೇರವಾಗಿ ಜೋಡಿಸುವ ಸಾಟಾ ಪೋರ್ಟ್ ಇರುವ ಹಳೆಯ ಡೆಸ್ಕ್‌ಟಾಪ್, ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡ ಆರೋಗ್ಯವಂತ ಡಿಸ್ಕ್, ಸಿಸ್ಟಮ್‌ರೆಸ್ಕ್ಯೂ (ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್) ಹಾಕಿದ ಪೆನ್‌ಡ್ರೈವ್, ಒಂದು ಯುಪಿಎಸ್, ಡಿಸ್ಕಿನ ಕಡೆ ಗಾಳಿ ಊದುವ ಫ್ಯಾನ್. ಸಿಸ್ಟಮ್‌ರೆಸ್ಕ್ಯೂನಲ್ಲಿ ನಮಗೆ ಬೇಕಾದ, ನಕಲು ತೆಗೆಯುವ ಜಿಎನ್‌ಯು ಡಿಡಿರೆಸ್ಕ್ಯೂ, ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್, ರೈಡ್ ಜೋಡಿಸುವ ಎಂಡಿಎಡಿಎಂ ಮೂರೂ ಮೊದಲೇ ಇವೆ. ಉಬುಂಟು ಲಿನಕ್ಸ್ ಬಳಸುವವರು ‘ಜಿಡಿಡಿರೆಸ್ಕ್ಯೂ’ ಎಂಬ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಬೇಕು. ಡಿಸ್ಕನ್ನು ಯುಎಸ್‌ಬಿ ತಂತಿಗೆ ಜೋಡಿಸುವ ಡಾಕ್ ಬೇಡ, ಅದಕ್ಕೆ ಕಾರಣವಿದೆ. ಕೆಟ್ಟ ಸೆಕ್ಟರ್ ಎದುರಾದಾಗ ಅಗ್ಗದ ಡಾಕ್ ಸಂಪರ್ಕವನ್ನೇ ಕಡಿದುಕೊಳ್ಳುತ್ತದೆ, ಕೆಲವು ಡಾಕುಗಳು ಸೆಕ್ಟರಿನ ಅಳತೆಯನ್ನೇ ಬೇರೆ ತೋರಿಸಿ ಪಾರ್ಟಿಷನ್ ಪಟ್ಟಿ ಓದದಂತೆ ಮಾಡುತ್ತವೆ.

ಶುರುವಿಗೆ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಬೇಕು. ಅದರಲ್ಲಿ 5 ಎಂಬ ಸಂಖ್ಯೆಯ ಸಾಲು ಬದಲಿಸಿದ ಸೆಕ್ಟರುಗಳದ್ದು, 197 ಓದಲಾಗದೆ ಬಾಕಿ ನಿಂತವುಗಳದ್ದು, 198 ಸರಿಪಡಿಸಲಾಗದವುಗಳದ್ದು. ಈ ಮೂರರಲ್ಲಿ ಅಂಕಿ ಏರುತ್ತಿದ್ದರೆ ಸಮಯ ಕಡಿಮೆ ಇದೆ. 199 ಮಾತ್ರ ಏರಿದ್ದರೆ ಡಿಸ್ಕಿಗಿಂತ ಮೊದಲು ಕೇಬಲನ್ನೋ ಕನೆಕ್ಟರನ್ನೋ ಅನುಮಾನಿಸಿ.

ನಕಲು ಮಾಡುವಾಗ ಯಾವುದರಿಂದ ಯಾವುದಕ್ಕೆ ಎನ್ನುವುದನ್ನು ಸೀರಿಯಲ್ ನಂಬರಿನಿಂದಲೇ ಗುರುತಿಸಬೇಕು. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ಕಂಪ್ಯೂಟರ್ ಮತ್ತೆ ಶುರುವಾದಾಗ ಅದಲುಬದಲಾಗಬಹುದು. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದುಬಿಟ್ಟರೆ ಯಾವ ಲ್ಯಾಬೂ ಏನೂ ಮಾಡಲಾರದು. ಡಿಡಿರೆಸ್ಕ್ಯೂವನ್ನು ಎರಡು ಸುತ್ತಿನಲ್ಲಿ ಓಡಿಸಿ. ಮೊದಲ ಸುತ್ತಿಗೆ ‘ಮೈನಸ್ ಎನ್’ ಮತ್ತು ‘ಮೈನಸ್ ಡಿ’ ಆಯ್ಕೆ. ಕೆಟ್ಟ ಜಾಗಗಳಲ್ಲಿ ಕೆದಕುತ್ತ ಕೂರದೆ, ಸಲೀಸಾಗಿ ಓದಲು ಬರುವುದನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿಗೆ ‘ಮೈನಸ್ ಆರ್ 3’ ಕೊಟ್ಟರೆ ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ಆಜ್ಞೆಯ ಕೊನೆಯಲ್ಲಿ ಮ್ಯಾಪ್ ಫೈಲಿನ ಹೆಸರು ಕಡ್ಡಾಯವಾಗಿ ಕೊಡಿ, ಅದನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಡಿ. ಕರೆಂಟು ಹೋದರೂ ಡಿಸ್ಕ್ ಮುನಿಸಿಕೊಂಡರೂ ನಿಂತಲ್ಲಿಂದಲೇ ಮುಂದುವರಿಯಲು ಆ ಫೈಲೇ ಆಧಾರ. ಅದಿಲ್ಲದೆ ಶುರುಮಾಡಿದವರು ಅರ್ಧ ದಾರಿಯಲ್ಲಿ ನಿಂತಾಗ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅಷ್ಟು ತ್ರಾಣ ಇರುವುದಿಲ್ಲ.

ಆರೋಗ್ಯವಾಗಿರುವ 4 ಟಿಬಿ ಡಿಸ್ಕ್ ಸಾಟಾದಲ್ಲಿ ಸೆಕೆಂಡಿಗೆ 150 ಎಂಬಿಯಂತೆ ಓಡಿದರೆ ಏಳೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2.0 ಮೂಲಕವಾದರೆ ಅದೇ ಕೆಲಸಕ್ಕೆ ಮೂವತ್ತು ಗಂಟೆಗೂ ಹೆಚ್ಚು. ಕೆಟ್ಟ ಸೆಕ್ಟರುಗಳಿದ್ದರೆ ದಿನಗಟ್ಟಲೆ. ಹೀಗಾಗಿ ‘ಸಂಜೆ ಬರ್ರಿ, ರೆಡಿ ಇರ್ತದ’ ಎಂದು ಯಾರಾದರೂ ಹೇಳಿದರೆ ಅವರು ನಕಲು ಮಾಡುವವರಲ್ಲ ಎಂದೇ ಲೆಕ್ಕ. ಓಡುವಾಗ ಡಿಸ್ಕಿನ ಉಷ್ಣಾಂಶ 50 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಬೇಸಿಗೆಯಲ್ಲಿ ಈ ಕೆಲಸ ರಾತ್ರಿ ಮಾಡುವುದೇ ಮೇಲು. ವೇಗ ಕೆಬಿಗಳಿಗೆ ಇಳಿದು ಟಕ್ ಟಕ್ ಶುರುವಾದರೆ ನಿಲ್ಲಿಸಿ ಲ್ಯಾಬಿಗೆ ಕಳಿಸಿ. ಅಲ್ಲಿಯವರೆಗೆ ಸಿಕ್ಕಿದ್ದು ಕೈಯಲ್ಲಿರುತ್ತದೆ.

ನಕಲು ಮುಗಿದ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ಆ್ಯಂಟಿಸ್ಟಾಟಿಕ್ ಚೀಲದಲ್ಲಿ ಎತ್ತಿಡಬೇಕು. ಮೂಲ, ನಕಲು ಎರಡೂ ಒಂದೇ ಕಂಪ್ಯೂಟರಿನಲ್ಲಿ ಇದ್ದರೆ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಲಿನಕ್ಸ್ ತಪ್ಪಾದದ್ದನ್ನು ಎತ್ತಿಕೊಳ್ಳಬಹುದು. ಇನ್ನು ಮುಂದಿನದೆಲ್ಲ ನಕಲಿನ ಮೇಲೆ. ಎಂಡಿಎಡಿಎಂನ ‘ಎಕ್ಸಾಮಿನ್’ ಆಜ್ಞೆ ಕೊಟ್ಟರೆ ರೈಡಿನ ಬಗೆ, ಈ ಡಿಸ್ಕಿನ ಸ್ಥಾನ, ‘ಇವೆಂಟ್ಸ್’ ಅಂಕಿ (ರೈಡಿನ ಸ್ಥಿತಿ ಬದಲಾದಂತೆ ಏರುವ ಎಣಿಕೆ) ಕಾಣುತ್ತವೆ. ಆಮೇಲೆ ‘ಅಸೆಂಬಲ್’, ‘ರನ್’, ‘ರೀಡ್‌ಓನ್ಲಿ’ ಮೂರನ್ನೂ ಸೇರಿಸಿ ಕೊಟ್ಟರೆ ಮಿರರಿನ (ಎರಡು ಡಿಸ್ಕಿನಲ್ಲೂ ಒಂದೇ ಡೇಟಾ ಇಡುವ ರೈಡ್) ಒಂದೇ ಡಿಸ್ಕಿದ್ದರೂ ಅರೇ, ಅಂದರೆ ಡಿಸ್ಕುಗಳ ಕಟ್ಟು, ಎದ್ದು ನಿಲ್ಲುತ್ತದೆ. ‘ಕ್ರಿಯೇಟ್’ ಆಜ್ಞೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ಹಳೆಯ ವಿವರದ ಮೇಲೆ ಹೊಸದನ್ನು ಬರೆಯುತ್ತದೆ, ಡಿಸ್ಕಿನ ಸರದಿಯೋ ಡೇಟಾ ತುಂಡಿನ (ಚಂಕ್) ಅಳತೆಯೋ ಒಂಚೂರು ತಪ್ಪಿದರೆ ಎಲ್ಲ ಕಲಸುಮೇಲೋಗರ. ಮೌಂಟ್ ಮಾಡುವಾಗ, ಅಂದರೆ ಫೈಲು ಓದಲು ತೆರೆಯುವಾಗ, ಇಎಕ್ಸ್‌ಟಿ4ಗೆ ‘ಆರ್‌ಓ’ (ಓದಲು ಮಾತ್ರ) ಜೊತೆ ‘ನೋಲೋಡ್’ ಕೂಡ ಕೊಡಬೇಕು. ಬರೀ ‘ಆರ್‌ಓ’ ಕೊಟ್ಟರೂ ಜರ್ನಲ್ (ಬಾಕಿ ಬರಹಗಳ ದಾಖಲೆ) ನೋಡಿ ಡಿಸ್ಕಿನ ಮೇಲೆ ಬರೆಯುವ ಕೆಲಸ ನಡೆದುಬಿಡುತ್ತದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬಿಟಿಆರ್‌ಎಫ್‌ಎಸ್ ಮೌಂಟ್ ಆಗದಿದ್ದರೆ ಅದರದೇ ‘ರಿಸ್ಟೋರ್’ ಆಜ್ಞೆ ಫೈಲುಗಳನ್ನು ಹೊರಗೆ ಎಳೆದುಕೊಡುತ್ತದೆ, ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ.

ಕಂಪನಿ ಕಂಪನಿಗೆ ಸ್ವಲ್ಪ ವ್ಯತ್ಯಾಸವಿದೆ. ಸಿನಾಲಜಿ ಪೆಟ್ಟಿಗೆಯ ಪ್ರತಿ ಡಿಸ್ಕಿನಲ್ಲೂ ಮೊದಲ ಪಾರ್ಟಿಷನ್ ಸಿಸ್ಟಮ್‌ಗೆ, ಎರಡನೆಯದು ಸ್ವಾಪ್‌ಗೆ (ತಾತ್ಕಾಲಿಕ ನೆನಪಿನ ಜಾಗ). ಡೇಟಾ ಇರುವುದು ಮೂರನೆಯದರಲ್ಲಿ ಅಥವಾ ಐದನೆಯದರಿಂದ ಮುಂದೆ, ಬಹಳ ಸಲ ಜಾಗ ಹಂಚುವ ಎಲ್‌ವಿಎಂ ಪದರದ ಮೇಲೆ. ಮೊದಲ ಪಾರ್ಟಿಷನ್ ತೆರೆದು ‘ಫೋಟೊ ಏನೂ ಇಲ್ಲ’ ಎಂದು ಕೈಚೆಲ್ಲಬೇಡಿ. ಕ್ಯೂನ್ಯಾಪ್ ತನ್ನ ಎಲ್‌ವಿಎಂ ಪದರವನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿರುವುದರಿಂದ ಹೊಸ ಮಾಡೆಲುಗಳ ಡಿಸ್ಕ್ ಸಾಮಾನ್ಯ ಉಬುಂಟುವಿನಲ್ಲಿ ತೆರೆಯುವುದು ಕಷ್ಟ. ನಕಲು ಡಿಸ್ಕುಗಳನ್ನು ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆಗೆ ಅದೇ ಸರದಿಯಲ್ಲಿ ಹಾಕುವುದು ಸುಲಭ. ಹಳೆಯ ಮೈ ಬುಕ್ ಲೈವ್‌ನ ಇಎಕ್ಸ್‌ಟಿ4ನಲ್ಲಿ ಬ್ಲಾಕಿನ ಅಳತೆ 64 ಕೆಬಿ, ನಮ್ಮ ಡೆಸ್ಕ್‌ಟಾಪಿನ ಲಿನಕ್ಸ್ ಸಾಮಾನ್ಯವಾಗಿ 4 ಕೆಬಿಯವರೆಗೆ ಮಾತ್ರ ಮೌಂಟ್ ಮಾಡುತ್ತದೆ. ಅಲ್ಲಿ ಮೌಂಟ್ ಮಾಡದೆಯೇ ಓದುವ ‘ಡಿಬಗ್‌ಎಫ್‌ಎಸ್’ ಬಳಸಿ ಫೈಲು ತೆಗೆಯಬೇಕು. ಫೋಲ್ಡರಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಕೀ ಫೈಲ್ ಅಥವಾ ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಮಿರರ್ ಇದ್ದವರಿಗೆ ಒಂದು ಅನುಕೂಲ. ಎರಡೂ ಡಿಸ್ಕಿನ ಇವೆಂಟ್ಸ್ ಅಂಕಿ ಒಂದೇ ಇದ್ದು, ಪಾರ್ಟಿಷನ್ ಹಂಚಿಕೆಯೂ ಒಂದೇ ಇದ್ದರೆ, ಮೊದಲನೆಯದರಲ್ಲಿ ಓದಲಾಗದ ಜಾಗಗಳನ್ನು ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಎರಡನೆಯದರಿಂದ ತುಂಬಬಹುದು. ಎರಡೂ ಡಿಸ್ಕ್ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ. ಮೂರು, ನಾಲ್ಕು ಡಿಸ್ಕಿನ ರೈಡ್ 5ರಲ್ಲಿ (ಒಂದು ಡಿಸ್ಕ್ ಹೋದರೂ ನಡೆಯುವ ರೈಡ್) ಗಂಡಾಂತರ ಬೇರೆ. ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಬಿದ್ದುಹೋಗಿ ಯಾರೂ ಗಮನಿಸಿರುವುದಿಲ್ಲ, ಈಗ ಎರಡನೆಯದು ಬಿದ್ದು ಎಲ್ಲ ನಿಂತಿರುತ್ತದೆ. ಹಳೆಯದು ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ, ಅದರ ಇವೆಂಟ್ಸ್ ಅಂಕಿ ಬಹಳ ಹಿಂದೆ ಇರುತ್ತದೆ. ಅದನ್ನು ‘ಫೋರ್ಸ್’ ಮಾಡಿ ಸೇರಿಸಿದರೆ ಫೈಲಿನ ಹೆಸರುಗಳು ಕಾಣುತ್ತವೆ, ಒಳಗೆ ಕಸ. ನಕಲು ಮಾಡಿ ಸೇರಿಸಬೇಕಾದ್ದು ಕೊನೆಗೆ ಬಿದ್ದ ಡಿಸ್ಕನ್ನು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಒತ್ತಿದರೆ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಮನೆಬಳಕೆಯ ಅನೇಕ ಡಿಸ್ಕುಗಳ ವಿವರಪಟ್ಟಿಯಲ್ಲೇ 10ರ 14ನೇ ಘಾತದಷ್ಟು ಬಿಟ್ಟುಗಳಿಗೆ, ಅಂದರೆ ಸುಮಾರು 12.5 ಟಿಬಿ ಓದಿಗೆ, ಒಂದು ಓದಲಾಗದ ದೋಷ ಬರಬಹುದು ಎಂದು ಬರೆದಿರುತ್ತದೆ. ಒಟ್ಟಿಗೆ ಕೊಂಡ, ಒಂದೇ ಬಿಸಿಯಲ್ಲಿ ಬೆಂದ ಡಿಸ್ಕುಗಳಾದರೆ ಕೇಳುವುದೇ ಬೇಡ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗಿನಂತೆ ಮನೆಗೆ ನೀರು ನುಗ್ಗಿ ಡಿಸ್ಕ್ ಮುಳುಗಿದರೆ, ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಅಕ್ಕಿ ಡಬ್ಬಿಗೂ ಹಾಕಬೇಡಿ. ನೀರು ಒಣಗಿದ ಮೇಲೆ ಕೆಸರಿನ ಪದರ ತಟ್ಟೆಗೆ ಅಂಟಿಕೊಳ್ಳುತ್ತದೆ. ಒದ್ದೆ ಇರುವಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಕರೆಂಟು ಕೊಡದೆ ಲ್ಯಾಬಿಗೆ ಒಯ್ಯಬೇಕು.

ಮೊದಲೇ ತಡೆಯುವ ಮಾತಿಗೆ ಬಂದರೆ, ಡಿಸ್ಕುಗಳ ಗರಿಷ್ಠ ಮಿತಿ ಸಾಮಾನ್ಯವಾಗಿ 60 ಡಿಗ್ರಿ, ಕೆಲವಕ್ಕೆ 65. ಹೊರಗೆ 42, 43 ಇರುವ ದಿನ ಟಿವಿ ಕಪಾಟಿನೊಳಗೆ ಬಾಗಿಲು ಹಾಕಿ ಇಟ್ಟ ಪೆಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ಆ ಅಂಚಿಗೇ ಬಂದಿರುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುವುದರಿಂದ ನಮ್ಮ ಕಡೆ ಅರ್ಥಿಂಗ್ ಸಡಿಲವಾಗುತ್ತದೆ, ಗುಂಡಿಗೆ ನೀರು ಬಿಡುವುದು ಅಡಾಪ್ಟರಿಗೂ ಒಳ್ಳೆಯದು. ಇನ್ವರ್ಟರ್ ಇದ್ದವರು ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಇಡಬೇಕು. ಇಲ್ಲದಿದ್ದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಆ ಕಣ್ಣುಮಿಟುಕಿನಲ್ಲೇ ನ್ಯಾಸ್ ಬಿದ್ದುಹೋಗುತ್ತದೆ. ಯುಎಸ್‌ಬಿ ತಂತಿ ಜೋಡಿಸಬಹುದಾದ ಸಣ್ಣ ಯುಪಿಎಸ್ ಆದರೆ ಇನ್ನೂ ಒಳ್ಳೆಯದು, ಬ್ಯಾಟರಿ ಇಳಿದಾಗ ಪೆಟ್ಟಿಗೆಗೆ ತಾನಾಗಿ ಬಂದ್ ಆಗಲು ಹೇಳುತ್ತದೆ. ಮಿರರ್ ಇದೆ ಎಂದು ಬ್ಯಾಕಪ್ ಬಿಡುವುದು ಸರಿಯಲ್ಲ. ಅಳಿಸಿದ ಫೈಲು ಎರಡರಲ್ಲೂ ಅಳಿಯುತ್ತದೆ, ಸಿಡಿಲು ಎರಡಕ್ಕೂ ಹೊಡೆಯುತ್ತದೆ. ವಾರಕ್ಕೊಮ್ಮೆ ಜೋಡಿಸಿ ತೆಗೆದಿಡುವ ಒಂದು ಯುಎಸ್‌ಬಿ ಡಿಸ್ಕ್ ಸಾಕು.

ಕೊನೆಗೆ ಎರಡು ಬೇಡಿಕೆ. ರಿಪೇರಿ ಅಂಗಡಿಗಳು ಡಿಸ್ಕ್ ತೆಗೆದುಕೊಳ್ಳುವಾಗ ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಯಲಿ, ‘ನಕಲು ಮಾಡದೆ ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ’ ಎಂಬ ಸಾಲನ್ನೂ ಸೇರಿಸಲಿ. ಗಿರಾಕಿಗಳು ಆ ಸಾಲಿಲ್ಲದ ರಸೀದಿ ಒಪ್ಪಬಾರದು. ಎರಡನೆಯದು ಕಲಬುರಗಿ, ಬೀದರ್, ಯಾದಗಿರಿಯ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಿಗೆ. ನಾಲ್ಕು ಸಾಟಾ ಪೋರ್ಟಿನ ಒಂದು ಹಳೆಯ ಡೆಸ್ಕ್‌ಟಾಪ್, ಒಳ್ಳೆಯ ಎಸ್‌ಎಂಪಿಎಸ್, ಯುಪಿಎಸ್, ಫ್ಯಾನ್, ಒಂದು ಪೆನ್‌ಡ್ರೈವ್, ಇಷ್ಟಿಟ್ಟುಕೊಂಡು ವಾರಕ್ಕೆರಡು ದಿನ ಸಾರ್ವಜನಿಕರಿಗೆ ನಕಲು ತೆಗೆದುಕೊಡುವ ಮೇಜೊಂದನ್ನು ಅವು ನಡೆಸಬಹುದು. ಖಾಲಿ ಡಿಸ್ಕನ್ನು ಗಿರಾಕಿಯೇ ತರಲಿ, ನಕಲು ಅವರ ಕೈಗೇ ಹೋಗಲಿ. ಫೈಲು ತೆರೆದು ನೋಡುವ ಪ್ರಶ್ನೆಯೇ ಬರುವುದಿಲ್ಲ. ಟಕ್ ಟಕ್ ಎನ್ನುವ ಡಿಸ್ಕುಗಳನ್ನು ಮುಟ್ಟದೆ ವಾಪಸ್ ಕೊಡಲಿ.

ಇತಿ,
ಹಾರ್ಡ್‌ವೇರ್ ದುರಸ್ತಿ ಕೆಲಸದವರು, ಕಲಬುರಗಿ